ಉಡುಪಿನ ಒಳಮಗ್ಗುಲನ್ನೂ ತೋರಿಸಲಿ

ಮಾನ್ಯ ಸಂಪಾದಕರೇ,

ಅಲಂಕಾರಿಕ ಕಲೆ ಮತ್ತು ಉಡುಪಿನ ಇತಿಹಾಸಕ್ಕೆ ಮೀಸಲಾದ ವಸ್ತುಸಂಗ್ರಹಾಲಯಗಳನ್ನು ನೋಡಿ ಬಂದವರಲ್ಲಿ ಅನೇಕರು ಒಳಗೆ ಬೆಳಕೇ ಸಾಲದು ಎಂದು ದೂರುತ್ತಾರೆ. ಈ ದೂರಿನಲ್ಲಿ ಹುರುಳಿಲ್ಲ. ಬೆಳಕು ಬಟ್ಟೆಯ ಬಣ್ಣವನ್ನು ಮಾಸಿಸುವುದಲ್ಲದೆ ರೇಷ್ಮೆಯ ಎಳೆಯನ್ನೂ ಶಿಥಿಲಗೊಳಿಸುತ್ತದೆ; ಆ ಹಾನಿ ದಿನದಿನಕ್ಕೆ ಕೂಡುತ್ತಾ ಹೋಗುತ್ತದೆಯೇ ಹೊರತು ಮತ್ತೆ ಸರಿಹೋಗುವುದಿಲ್ಲ. ಹಳೆಯ ಬಟ್ಟೆಗಳ ಮೇಲೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೀಳುವ ಬೆಳಕನ್ನು ಅಳೆಯುವ ಮಾನ) ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುವುದು, ಕೆಲಕಾಲ ಪ್ರದರ್ಶಿಸಿದ ಬಳಿಕ ಅವನ್ನು ಕತ್ತಲ ಕೋಣೆಗೆ ಮರಳಿಸುವುದು ಈ ಕಾರಣದಿಂದಲೇ. ಅವಸರ ಮಾಡದೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ.

ನನ್ನ ಆಕ್ಷೇಪ ಬೇರೆಯದು. ಈ ಸಂಗ್ರಹಾಲಯಗಳು ನಮಗೆ ವಸ್ತುವಿನ ಮುಂಭಾಗವನ್ನಷ್ಟೇ ತೋರಿಸುತ್ತವೆ. ಅದನ್ನು ಮಾಡಿದ ಕೈಗಳ ಗುರುತು ಬಹುಮಟ್ಟಿಗೆ ಉಳಿದಿರುವುದು ಹಿಂಭಾಗದಲ್ಲಿ ಮತ್ತು ಒಳಮಗ್ಗುಲಲ್ಲಿ. ಹದಿನೆಂಟನೆಯ ಶತಮಾನದ ಯುರೋಪಿನ ರೇಷ್ಮೆ ನಿಲುವಂಗಿಯೊಂದನ್ನು ತೆಗೆದುಕೊಳ್ಳಿ. ಹೊರಗೆ ಹೂಬಳ್ಳಿಯ ನೇಯ್ಗೆ, ನೆರಿಗೆಯ ಮೇಲೆ ನೆರಿಗೆ. ಒಳಗೆ ಒರಟು ನಾರುಬಟ್ಟೆಯ ಅಸ್ತರು, ಅಲ್ಲಲ್ಲಿ ದೂರದೂರಕ್ಕೆ ಹಾಕಿದ ಸಡಿಲ ಹೊಲಿಗೆ. ಇದು ದರ್ಜಿಯ ಅಸಡ್ಡೆಯಲ್ಲ. ಹೊಲಿಗೆಯ ಕೂಲಿಗಿಂತ ರೇಷ್ಮೆಯ ಬೆಲೆಯೇ ಎಷ್ಟೋ ಹೆಚ್ಚಾಗಿದ್ದ ಕಾಲವದು. ಮುಂದೆ ಹೊಲಿಗೆ ಬಿಚ್ಚಿ ಅದೇ ಬಟ್ಟೆಯಲ್ಲಿ ಹೊಸ ಮಾದರಿಯ ಉಡುಪು ಹೊಲಿಯಲು ಅನುಕೂಲವಾಗಲೆಂದು ಬಟ್ಟೆಯನ್ನು ಕತ್ತರಿಸುವುದನ್ನೂ ಬಿಗಿಯಾಗಿ ಹೊಲಿಯುವುದನ್ನೂ ಆದಷ್ಟು ಕಡಿಮೆ ಮಾಡುತ್ತಿದ್ದರು. ಹಳೆಯ ಹೊಲಿಗೆಯ ಸೂಜಿತೂತುಗಳು ಕೆಲವು ಉಡುಪುಗಳಲ್ಲಿ ಇಂದಿಗೂ ಕಾಣುತ್ತವೆ. ಗಾಜಿನ ಆಚೆ ಗೊಂಬೆಗೆ ತೊಡಿಸಿ ನಿಲ್ಲಿಸಿದ ನಿಲುವಂಗಿ ಈ ಯಾವ ಸಂಗತಿಯನ್ನೂ ಹೇಳುವುದಿಲ್ಲ.

ವಿವರಫಲಕಗಳ ಕಥೆಯೂ ಇದೇ. ತೊಟ್ಟವರ ಹೆಸರು ಅಲ್ಲಿರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್‌ನ ಉಡುಪು ವಿನ್ಯಾಸಕಾರ ಚಾರ್ಲ್ಸ್ ಫ್ರೆಡರಿಕ್ ವರ್ತ್ ತನ್ನ ಹೆಸರಿನ ಪಟ್ಟಿಯನ್ನು ಉಡುಪಿನೊಳಗೆ ಹೊಲಿಸತೊಡಗಿದ ಮೇಲಿನ ಕಾಲದ್ದಾದರೆ ವಿನ್ಯಾಸಕಾರನ ಹೆಸರೂ ಸಿಗುತ್ತದೆ. ನೇಯ್ದವರು, ಬಣ್ಣ ಹಾಕಿದವರು, ಕಸೂತಿ ಮಾಡಿದವರು ಎಲ್ಲಿ? ಕೋರಮಂಡಲ ತೀರದಿಂದ ಯುರೋಪಿಗೆ ಹೋದ ಚಿತ್ತಾರದ ಹತ್ತಿಬಟ್ಟೆಗಳಿಗೆ ಅಲ್ಲಿ ಎಷ್ಟು ಬೇಡಿಕೆಯಿತ್ತೆಂದರೆ, ಸ್ವಂತ ನೇಕಾರಿಕೆಯನ್ನು ಉಳಿಸಿಕೊಳ್ಳಲು ಫ್ರಾನ್ಸ್ 1686ರಿಂದ 1759ರವರೆಗೆ ಅವನ್ನು ನಿಷೇಧಿಸಿತ್ತು. ಕೆಂಪು ಬೇಕಾದಲ್ಲಿ, ಬಣ್ಣ ಕಚ್ಚಿಕೊಳ್ಳಲೆಂದು ಪಟಿಕದ ದ್ರಾವಣದಿಂದ ಚಿತ್ರ ಬರೆದು ಆಮೇಲೆ ಬೇರಿನ ಬಣ್ಣದಲ್ಲಿ ಅದ್ದುವುದು, ನೀಲಿ ಹತ್ತಬಾರದ ಕಡೆಗೆಲ್ಲ ಮೇಣ ಬಳಿಯುವುದು: ಇಂಥ ಒಂದೊಂದು ತುಂಡಿನ ಹಿಂದೆಯೂ ಇಷ್ಟು ಕೆಲಸವಿದೆ. ಅದರಿಂದ ಹೊಲಿದ ಉಡುಪಿನ ಮುಂದೆ ಊರು, ಕಾಲ ಮತ್ತು ತೊಟ್ಟವರನ್ನಷ್ಟೇ ನಮೂದಿಸಿ ಕೈಬಿಡುವುದು ನನಗೆ ಅನ್ಯಾಯವೆನಿಸುತ್ತದೆ. ಕುಶಲಕರ್ಮಿಗಳ ಹೆಸರು ದಾಖಲೆಯಲ್ಲಿಲ್ಲದಿದ್ದರೆ ಅವರ ಕಸುಬು, ಸೀಮೆ ಮತ್ತು ವಿಧಾನವನ್ನಾದರೂ ಬರೆಯಬಹುದು.

ಪಿಂಗಾಣಿ ಮತ್ತು ಪೀಠೋಪಕರಣಗಳಿಗೂ ಈ ಮಾತು ಸಲ್ಲುತ್ತದೆ. ಜರ್ಮನಿಯ ಮೈಸನ್ ಊರಿನ ಪಿಂಗಾಣಿಯನ್ನು ಗುರುತಿಸುವ ನೀಲಿ ಜೋಡಿಕತ್ತಿಯ ಮುದ್ರೆ ಇರುವುದು ತಳದಲ್ಲಿ.

ಇದಕ್ಕೆ ದಾರಿಯಿಲ್ಲದಿಲ್ಲ. 1852ರಲ್ಲಿ ಆರಂಭವಾದ, ಲಂಡನ್ನಿನ ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 2025ರಲ್ಲಿ ನಗರದ ಪೂರ್ವಭಾಗದಲ್ಲಿ ತನ್ನ ಉಗ್ರಾಣವನ್ನೇ ಸಾರ್ವಜನಿಕರಿಗೆ ತೆರೆದಿದೆ. ಮುಂಚಿತವಾಗಿ ಕೋರಿಕೊಂಡರೆ ಯಾರು ಬೇಕಾದರೂ ತಾವು ಆರಿಸಿದ ವಸ್ತುವನ್ನು ಸಿಬ್ಬಂದಿಯ ಸಮ್ಮುಖದಲ್ಲಿ ಹತ್ತಿರದಿಂದ ನೋಡಬಹುದು. ಅಷ್ಟು ಅನುಕೂಲವಿಲ್ಲದ ಸಂಸ್ಥೆಗಳು ಉಡುಪಿನ ಹಿಂದೊಂದು, ಬಟ್ಟಲಿನ ಕೆಳಗೊಂದು ಕನ್ನಡಿಯಿಡಲಿ. ಅಸ್ತರಿನ ದೊಡ್ಡ ಛಾಯಾಚಿತ್ರವನ್ನು ಪಕ್ಕದಲ್ಲೇ ತೂಗುಹಾಕಲಿ. ಅದೇ ಬಗೆಯ ಹೊಸ ಬಟ್ಟೆಯ ತುಂಡೊಂದನ್ನು ಮಕ್ಕಳು ಮುಟ್ಟಿ ನೋಡಲು ಇಡಲಿ. ನೋಡುಗರೂ ಭೇಟಿಯ ಕೊನೆಗಿಡುವ ಅಭಿಪ್ರಾಯ ಪುಸ್ತಕದಲ್ಲಿ ಇದನ್ನು ಬರೆದು ಕೇಳಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ