ಎರಡೂ ಗುಂಪಿನಲ್ಲಿದ್ದ ನಮ್ಮ ಸಿಸ್ಟರ್‌ಗೆ

ಮೊನ್ನೆ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ, ಊರಿನಿಂದ ಬಂದು ಹಿಂದಿನ ಸಾಲಿನಲ್ಲಿ ಕೂತು ಏನೂ ಅರ್ಥವಾಗದಿದ್ದರೂ ಕೊನೆಯವರೆಗೆ ಕೇಳಿದ ಅಪ್ಪ ಅಮ್ಮನಿಗೆ, ಎಲ್ಲರಿಗೂ ವಂದನೆ. ಪ್ರಬಂಧದ ಮೊದಲಲ್ಲೇ ಇಂಗ್ಲಿಷಿನಲ್ಲಿ ಒಂದು ಕೃತಜ್ಞತೆಯ ಪುಟ ಇದೆ. ಅದರಲ್ಲಿ ಹೆಸರುಗಳು ಹುದ್ದೆಯ ಕ್ರಮದಲ್ಲಿವೆ, ಹಾಗೆ ಬರೆಯುವುದೇ ಪದ್ಧತಿ. ನನ್ನ ಮನಸ್ಸಿನಲ್ಲಿರುವ ಕ್ರಮ ಬೇರೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಗೈಡ್, ಅಂಕಿಅಂಶಗಳ ಲೆಕ್ಕ ಕಲಿಸಿದ ಮೇಷ್ಟ್ರು, ಯಂತ್ರ ಕೈಕೊಟ್ಟಾಗಲೆಲ್ಲ ಓಡಿಬಂದ ಬಯೋಮೆಡಿಕಲ್ ವಿಭಾಗದವರು, ಅಧ್ಯಯನಕ್ಕೆ ಬಂದವರ ಹಿತ ಕಾಯುವ ಎಥಿಕ್ಸ್ ಕಮಿಟಿಯ ಹಿರಿಯರು, ಯಾರಿಗೆ ಯಾವ ಚಿಕಿತ್ಸೆ ಎಂದು ಬರೆದಿಟ್ಟ ಕೋಡ್ ಪಟ್ಟಿಯನ್ನು ಕೊನೆಯವರೆಗೂ ಬೀರುವಿನಿಂದ ಹೊರಗೆ ತೆಗೆಯದ ಸಹೋದ್ಯೋಗಿ, ಪಿಜಿಯಲ್ಲಿ ನನಗಾಗಿ ಊಟ ಮುಚ್ಚಿಟ್ಟ ರೂಮ್‌ಮೇಟ್: ನಿಮ್ಮೆಲ್ಲರ ಋಣ ದೊಡ್ಡದು.

ಕೆಲಸದ ಬಗ್ಗೆ ಸ್ನೇಹಿತರಿಗೆ ಗೊತ್ತೇ ಇದೆ. ಹೊಸಬರಿಗಾಗಿ ನಾಲ್ಕು ಮಾತು. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವ ಕೆಲವರಿಗೆ ಮಾತ್ರೆ ತಪ್ಪದೆ ತೆಗೆದುಕೊಂಡರೂ, ಯಾರೂ ಮಾತಾಡದಿದ್ದಾಗಲೂ ಕಿವಿಯಲ್ಲಿ ಮಾತು ಕೇಳಿಸುವುದು ನಿಲ್ಲುವುದಿಲ್ಲ. ಅಂಥವರ ತಲೆಯ ಮೇಲೆ ಎಡಗಡೆ ಎರಡು ಕಡೆ ಉಪ್ಪುನೀರಲ್ಲಿ ನೆನೆಸಿದ ಸ್ಪಂಜು ಇಟ್ಟು, 2 ಮಿಲಿಆಂಪಿಯರ್‌ನಷ್ಟು ಸಣ್ಣ ಕರೆಂಟನ್ನು 20 ನಿಮಿಷ ಹರಿಸುತ್ತೇವೆ. ದಿನಕ್ಕೆ ಎರಡು ಸಲ, ಐದು ದಿನ. ಇದಕ್ಕೆ ಟಿಡಿಸಿಎಸ್ ಎನ್ನುತ್ತಾರೆ. ಫ್ರಾನ್ಸಿನ ಲಿಯೋನ್‌ನಲ್ಲಿ ಜೆರೋಮ್ ಬ್ರುನೆಲಿನ್ ಅವರ ತಂಡ 30 ಜನರ ಮೇಲೆ ಮಾಡಿದ ಅಧ್ಯಯನ 2012ರಲ್ಲಿ ಪ್ರಕಟವಾದ ಮೇಲೆ ಈ ಕ್ರಮವನ್ನು ಹಲವು ದೇಶಗಳಲ್ಲಿ ಪರೀಕ್ಷಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಕೆಲಸ ನಡೆದಿದೆ. ಎಲ್ಲ ಕಡೆಯೂ ಒಂದೇ ಫಲಿತಾಂಶ ಬಂದಿಲ್ಲ. ಅದಕ್ಕೇ ನಿಜವಾದ ಕರೆಂಟಿನ ಗುಂಪು ಒಂದು, ಹುಸಿ ಕರೆಂಟಿನ ಗುಂಪು ಇನ್ನೊಂದು ಮಾಡಿ ಹೋಲಿಸಬೇಕು. ಹುಸಿಯಲ್ಲಿ ಮೊದಲ ಅರೆ ನಿಮಿಷ ಕರೆಂಟ್ ಹರಿದು ನಿಂತುಬಿಡುತ್ತದೆ. ಚರ್ಮದ ಮೇಲೆ ಅದೇ ಚುರುಚುರು, ಅದೇ ತುರಿಕೆ. ಯಾರಿಗೆ ಯಾವುದು ಸಿಗುತ್ತಿದೆ ಎಂದು ಅವರಿಗೂ ಗೊತ್ತಿರುವುದಿಲ್ಲ, ಸ್ಪಂಜು ಇಡುವ ನನಗೂ ಗೊತ್ತಿರುವುದಿಲ್ಲ.

ಇನ್ನು ನಮ್ಮ ಸಿಸ್ಟರ್. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ವಾರ್ಡಿನಲ್ಲಿ ಸಿಸ್ಟರ್ ಎಂದರೆ ಅವರೊಬ್ಬರೇ ಎನ್ನುವಷ್ಟು ಎಲ್ಲರಿಗೂ ಗೊತ್ತು.

ತಲೆಗೆ ಎಣ್ಣೆ ಇದ್ದರೆ ಈ ಯಂತ್ರ ಕೆಲಸ ಮಾಡುವುದಿಲ್ಲ, ಕರೆಂಟ್ ಹರಿಯಲು ತಡೆ ಹೆಚ್ಚಾಗಿ ತಾನೇ ನಿಂತುಬಿಡುತ್ತದೆ. ನಮ್ಮ ಜನ ದೂರದ ಊರಿನಿಂದ ಆಸ್ಪತ್ರೆಗೆ ಹೊರಟರೆ ತಲೆಗೆ ಚೆನ್ನಾಗಿ ಎಣ್ಣೆ ಹಚ್ಚಿ, ಬಾಚಿ, ಹೆಣ್ಣುಮಕ್ಕಳಾದರೆ ಹೂ ಮುಡಿಸಿಯೇ ಕರೆತರುವುದು. ಹಿಂದಿನ ರಾತ್ರಿಯೇ ಅವರ ತಲೆ ತೊಳೆಸುವ ಕೆಲಸ ಯಾವ ಪ್ರೋಟೊಕಾಲ್‌ನಲ್ಲೂ ಯಾರ ಹೆಸರಿಗೂ ಬರೆದಿರಲಿಲ್ಲ. ಸಿಸ್ಟರ್ ಜೇಬಿನಲ್ಲಿ ಶಾಂಪೂ ಪ್ಯಾಕೆಟ್ ಇಟ್ಟುಕೊಂಡಿರುತ್ತಿದ್ದರು. ಸ್ನಾನ ಮಾಡಿ ಎಷ್ಟೋ ದಿನವಾದವರನ್ನು, ಮುಟ್ಟಿದರೆ ಬೆಚ್ಚುವವರನ್ನು, ಮಾತಾಡಿಸುತ್ತ ಮಾತಾಡಿಸುತ್ತ ಬಿಸಿನೀರಿನ ಹತ್ತಿರ ಕರೆದೊಯ್ಯುತ್ತಿದ್ದರು.

ಮನೆಯವರು ಕೇಳುತ್ತಿದ್ದ ಮೊದಲ ಪ್ರಶ್ನೆ, "ಶಾಕ್ ಕೊಡ್ತೀರಾ?" ಜನ ಶಾಕ್ ಎನ್ನುವ ಇಸಿಟಿಯಲ್ಲಿ ಅರಿವಳಿಕೆ ಕೊಟ್ಟು ಫಿಟ್ಸ್ ಬರಿಸುತ್ತಾರೆ, ಇದರಲ್ಲಿ ಅದೇನೂ ಇಲ್ಲ ಎಂದು ನಾನು ಒಪ್ಪಿಗೆ ಪತ್ರ ಹಿಡಿದು ವಿವರಿಸುತ್ತಿದ್ದೆ. ಅವರ ಮುಖದ ಹೆದರಿಕೆ ಹಾಗೇ ಇರುತ್ತಿತ್ತು. ಸಿಸ್ಟರ್ ಬಂದು, "ಪಕ್ಕದಲ್ಲೇ ಕುರ್ಚಿ ಹಾಕ್ತೀನಿ, ಮಗನ ಜೊತೆ ಮಾತಾಡ್ತಾನೇ ಇರಿ, ಅವನು ಎಚ್ಚರವಾಗೇ ಇರ್ತಾನೆ. ಬೇಡ ಅನ್ನಿಸಿದ್ರೆ ಆಗಲೇ ಹೇಳಿ, ನಿಲ್ಲಿಸ್ತಾರೆ, ಯಾರೂ ಬೈಯಲ್ಲ" ಎನ್ನುತ್ತಿದ್ದರು. ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು ಒಪ್ಪಿಗೆ ಪತ್ರದಲ್ಲೂ ಬರೆದಿರುತ್ತದೆ. "ಯಾರೂ ಬೈಯಲ್ಲ" ಎಂಬುದು ಮಾತ್ರ ಬರೆದಿರುವುದಿಲ್ಲ.

ಆಮೇಲೆ ಆ ರಾತ್ರಿ. ಅಲ್ಲಿದ್ದವರಿಗೆ ಏನಾಯಿತೆಂದು ಗೊತ್ತು. ಇಲ್ಲಿ ಬರೆಯುವುದಿಲ್ಲ, ಅದು ಆ ಹುಡುಗನ ಮತ್ತು ಅವನ ತಾಯಿಯ ಬದುಕು. ಅವನು ಉಳಿದ, ಈಗ ಮನೆಯಲ್ಲಿದ್ದಾನೆ ಎಂದಷ್ಟೇ ಹೇಳಬಲ್ಲೆ. ಟ್ರಯಲ್‌ನಲ್ಲಿ ಇಂಥದ್ದು ನಡೆದರೆ 24 ಗಂಟೆಯೊಳಗೆ ಎಥಿಕ್ಸ್ ಕಮಿಟಿಗೆ ವರದಿ ಹೋಗಬೇಕು. ಫಾರಂ ತುಂಬಲು ಕೂತರೆ ನನ್ನ ಕೈ ನಡುಗುವುದು ನಿಲ್ಲುತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಅವನ ತಲೆಗೆ ಸ್ಪಂಜಿನ ಪಟ್ಟಿ ಕಟ್ಟಿದ್ದು ಇದೇ ಕೈ. ಅವನಿಗೆ ಹೋಗಿದ್ದು ನಿಜವಾದ ಕರೆಂಟೋ, ಹುಸಿಯೋ? ನನಗೆ ಆ ಕ್ಷಣವೇ ಗೊತ್ತಾಗಬೇಕಿತ್ತು. ಕೋಡ್ ಒಡೆಯಿರಿ, ಆ ಕೋಡ್ ಪಟ್ಟಿ ತೆರೆದು ನೋಡಿ ಎಂದು ಅತ್ತೆ. ಯಾವ ಗುಂಪೆಂದು ತಿಳಿದರೂ ಚಿಕಿತ್ಸೆ ಬದಲಾಗುವುದಿಲ್ಲ, ಹಾಗಿದ್ದ ಮೇಲೆ ಒಡೆಯುವಂತಿಲ್ಲ ಎಂದು ಹಿರಿಯ ವೈದ್ಯರು ನಿರ್ಧರಿಸಿದರು. ಅದು ಸರಿಯಾದ ನಿರ್ಧಾರ. ಆ ಹೊತ್ತಿಗೆ ನನಗೆ ಅದನ್ನು ಕೇಳಿಸಿಕೊಳ್ಳುವ ಶಕ್ತಿ ಇರಲಿಲ್ಲ.

ಸಿಸ್ಟರ್ ಡ್ಯೂಟಿ ಮುಗಿದಿತ್ತು. ಅವರು ಮನೆಗೆ ಹೋಗಲಿಲ್ಲ. ಹುಡುಗನ ಮಂಚದ ಹತ್ತಿರ ಸ್ವಲ್ಪ ಹೊತ್ತು, ಕಾರಿಡಾರ್‌ನ ಬೆಂಚಿನ ಮೇಲೆ ಅವನ ತಾಯಿಯ ಜೊತೆ ಸ್ವಲ್ಪ ಹೊತ್ತು, ನನ್ನ ಮೇಜಿನ ಎದುರು ಸ್ವಲ್ಪ ಹೊತ್ತು, ಬೆಳಗಾಗುವವರೆಗೂ ಹೀಗೇ ಓಡಾಡಿದರು. ನಾನು ಮತ್ತೆ ಕೋಡ್ ಮಾತೆತ್ತಿದಾಗ ಗದರಲಿಲ್ಲ. "ನೋಡಮ್ಮ, ಯಾವ ಗುಂಪು ಅಂತ ಗೊತ್ತಾದ್ರೆ ನಾನು ಈಗ ಅವನಿಗೆ ಕುಡಿಸೋ ನೀರು ಬೇರೆ ಆಗುತ್ತಾ?" ಎಂದರು. ಆಮೇಲೆ ಎದುರಿಗೇ ಕೂತು, ಪಲ್ಸ್ ಎಷ್ಟಿತ್ತು, ಯಾವ ಹೊತ್ತಿಗೆ ಡಾಕ್ಟರಿಗೆ ಕರೆ ಹೋಯಿತು ಎಂದು ಒಂದೊಂದೇ ಸಾಲು ಹೇಳಿ ಬರೆಸಿದರು. ಆ ವರದಿ ಹೊತ್ತಿಗೆ ಸರಿಯಾಗಿ ಹೋಯಿತೆಂದರೆ ಅದು ಅವರಿಂದ. ಮರುದಿನ ನಾನು ಈ ಕೆಲಸ ಬಿಡದೆ ಮತ್ತೆ ವಾರ್ಡಿಗೆ ಬಂದೆನೆಂದರೆ ಅದೂ ಅವರಿಂದಲೇ.

ಕೊನೆಗೆ ಕೋಡ್ ಒಡೆದಾಗ ಆ ಹುಡುಗ ಯಾವ ಗುಂಪಿನಲ್ಲಿದ್ದ ಎಂದು ತಿಳಿಯಿತು. ಇಲ್ಲಿ ಹೇಳುವ ಮಾತಲ್ಲ ಅದು. ಹೇಳಬೇಕಾದದ್ದು ಬೇರೆ ಇದೆ. ಹುಸಿ ಕರೆಂಟಿನ ಗುಂಪಿನಲ್ಲೂ ಕೆಲವರಿಗೆ ಆ ಮಾತುಗಳ ಕಾಟ ಕಡಿಮೆಯಾಗಿತ್ತು. ಇದು ನಮ್ಮ ಟ್ರಯಲ್ಲಿಗಷ್ಟೇ ಸೇರಿದ್ದಲ್ಲ, ಮಾನಸಿಕ ಕಾಯಿಲೆಗಳ ಅಧ್ಯಯನಗಳಲ್ಲಿ ಹೀಗಾಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ದಿನಾ ಯಾರೋ ಹೆಸರು ಹಿಡಿದು ಕರೆಯುತ್ತಾರೆ, ನಿದ್ದೆ ಬಂತಾ ಎಂದು ಕೇಳುತ್ತಾರೆ, ಹೇಳಿದ್ದನ್ನು ಪೂರ್ತಿ ಕೇಳುತ್ತಾರೆ. ಕರೆಂಟಿನ ಗುಣವೊಂದನ್ನೇ ಅಳೆಯಬೇಕಾದ್ದರಿಂದ ಎರಡೂ ಗುಂಪಿಗೆ ಸಮನಾಗಿ ಸಿಕ್ಕಿದ್ದು ನಮ್ಮ ಲೆಕ್ಕದಲ್ಲಿ ಕಳೆದುಹೋಗುತ್ತದೆ. ಸಿಸ್ಟರ್ ಎರಡೂ ಗುಂಪಿನಲ್ಲಿದ್ದರು. ಯಾರಿಗೂ ಒಂದು ಗುಟುಕು ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಅವರು ಅಷ್ಟು ಸಮನಾಗಿ ಇದ್ದದ್ದರಿಂದಲೇ ನನ್ನ ಫಲಿತಾಂಶವನ್ನು ನಂಬಬಹುದು. ಅಷ್ಟು ಸಮನಾಗಿ ಇದ್ದದ್ದರಿಂದಲೇ ಅವರು ನನ್ನ ಯಾವ ಕೋಷ್ಟಕದಲ್ಲೂ ಕಾಣುವುದಿಲ್ಲ. ವೈವಾದಲ್ಲಿ ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು, ಪರೀಕ್ಷಕರು ನೀರು ಕುಡಿಯಿರಿ ಎಂದರು.

ಅಧ್ಯಯನಕ್ಕೆ ಬಂದವರಿಗೂ ಅವರ ಮನೆಯವರಿಗೂ ಕೈ ಮುಗಿಯುತ್ತೇನೆ. ನಿಮಗೆ ಇದರಿಂದ ಉಪಯೋಗ ಆಗಬಹುದು, ಆಗದೆಯೂ ಇರಬಹುದು ಎಂದು ಮೊದಲೇ ಕೇಳಿಸಿಕೊಂಡು ಸಹಿ ಹಾಕಿದಿರಿ. ಹುಸಿ ಗುಂಪಿನಲ್ಲಿದ್ದವರಿಗೆ ಬೇಕಿದ್ದರೆ ಆಮೇಲೆ ನಿಜವಾದ ಚಿಕಿತ್ಸೆ ಕೊಟ್ಟೆವು. ಆದರೂ ಆ ಮೊದಲ ವಾರ ನೀವು ಕೂತಿದ್ದು ಮುಂದೆ ಬರುವ, ಮುಖವೇ ಗೊತ್ತಿಲ್ಲದ ಇನ್ನೊಬ್ಬರಿಗಾಗಿ. ಫಲಿತಾಂಶವನ್ನು ಕನ್ನಡದಲ್ಲಿ ಎರಡು ಪುಟ ಮಾಡಿ ಬರೆಯುತ್ತಿದ್ದೇನೆ, ಬೇಕೆಂದು ಹೇಳಿದ್ದ ಮನೆಗಳಿಗೆಲ್ಲ ಅಂಚೆಯಲ್ಲಿ ಬರುತ್ತದೆ.

ಸಿಸ್ಟರ್, ನಿಮ್ಮ ಪ್ರತಿಯನ್ನು ಅಂಚೆಗೆ ಹಾಕುವುದಿಲ್ಲ. ಈ ವಾರ ನಿಮ್ಮ ನೈಟ್ ಡ್ಯೂಟಿ ಯಾವತ್ತು ಎಂದು ತಿಳಿಸಿ, ನಾನೇ ತಂದುಕೊಡುತ್ತೇನೆ. ಅಮ್ಮ ನಿಮ್ಮನ್ನು ನೋಡಬೇಕಂತೆ, ಜೊತೆಗೆ ಬರುತ್ತಾರೆ.