ನೀರು ಚಿಮುಕಿಸಿದರೆ ಓಝೋನ್ ಇಳಿಯದು: ಪರಿಸರ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪರಿಸರ ಸಚಿವರೇ,

ಹೊಗೆಮಂಜು ಕವಿದಾಗಲೆಲ್ಲ ರಸ್ತೆಗೆ ನೀರು ಚಿಮುಕಿಸುವ ಆದೇಶ ಹೊರಡುತ್ತದೆ. ನೀರು ದೂಳನ್ನು ಕೂರಿಸುತ್ತದೆ, ಅಷ್ಟೇ. ಬಿರುಬಿಸಿಲಿನ ಮಧ್ಯಾಹ್ನ ಉಸಿರು ಬಿಗಿಯುವಂತೆ ಮಾಡುವ ಓಝೋನ್ ಅನಿಲ ನೀರಿನಲ್ಲಿ ಸುಲಭಕ್ಕೆ ಕರಗದು. ಅದು ಯಾವ ಕೊಳವೆಯಿಂದಲೂ ಹೊರಬರುವುದಿಲ್ಲ, ಗಾಳಿಯಲ್ಲೇ ಹುಟ್ಟುತ್ತದೆ.

ಎಂಜಿನ್ನಿನ ಕಾವಿನಲ್ಲಿ ಸಾರಜನಕವೂ ಆಮ್ಲಜನಕವೂ ಕೂಡಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ, ಹೊರಗೆ ಬಂದ ಮೇಲೆ ಅದು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಬಿಸಿಲು ಇದನ್ನು ಒಡೆದಾಗ ಸಿಡಿದ ಒಂಟಿ ಆಮ್ಲಜನಕ ಪರಮಾಣು ಆಮ್ಲಜನಕದ ಅಣುವಿಗೆ ಸೇರಿದರೆ ಓಝೋನ್. ಉಳಿದ ನೈಟ್ರಿಕ್ ಆಕ್ಸೈಡ್ ಅದೇ ಓಝೋನನ್ನು ತಿಂದು ಮತ್ತೆ ಡೈಆಕ್ಸೈಡ್ ಆಗುತ್ತದೆ. ಇಷ್ಟೇ ಆಗಿದ್ದರೆ ಓಝೋನ್ ಹೆಚ್ಚು ಕೂಡಿಬೀಳುತ್ತಿರಲಿಲ್ಲ. ಪೆಟ್ರೋಲ್, ಪೇಂಟ್, ತಿನ್ನರ್‌ಗಳ ಆವಿ ನಡುವೆ ಬಂದು ಕೆಡಿಸುತ್ತದೆ. ಅದರಿಂದ ಹುಟ್ಟುವ, ಬೇಗ ಪ್ರತಿಕ್ರಿಯಿಸುವ ಅಣುತುಣುಕುಗಳಾದ ಪೆರಾಕ್ಸಿ ರ‍್ಯಾಡಿಕಲ್‌ಗಳು ಓಝೋನ್ ಮಾಡಬೇಕಿದ್ದ ಕೆಲಸವನ್ನು ತಾವೇ ಮಾಡಿ ನೈಟ್ರಿಕ್ ಆಕ್ಸೈಡನ್ನು ಡೈಆಕ್ಸೈಡಾಗಿಸುತ್ತವೆ. ಓಝೋನ್ ಖರ್ಚಾಗದೆ ಉಳಿಯುತ್ತದೆ. ಲಾಸ್ ಏಂಜಲೀಸಿನ ಹೊಗೆಮಂಜಿನಲ್ಲಿ ಈ ನಂಟನ್ನು ರಸಾಯನ ವಿಜ್ಞಾನಿ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲೇ ತೋರಿಸಿದ್ದರು.

ಆದ್ದರಿಂದ ಆವಿಗಳನ್ನು ಹಾಗೇ ಬಿಟ್ಟು ನೈಟ್ರೋಜನ್ ಆಕ್ಸೈಡುಗಳನ್ನು (ಮೇಲಿನ ನೈಟ್ರಿಕ್ ಆಕ್ಸೈಡ್, ಡೈಆಕ್ಸೈಡ್ ಎರಡನ್ನೂ) ತುಸುವೇ ಇಳಿಸಿದರೆ, ಓಝೋನನ್ನು ತಿನ್ನುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗಿ ನಗರದ ನಡುವೆ ಓಝೋನ್ ಏರಬಹುದು. ಡೀಸೆಲ್ ಲಾರಿ ಕಡಿಮೆ ಓಡುವ ವಾರಾಂತ್ಯಗಳಲ್ಲಿ ಹಲವು ನಗರಗಳು ಇದನ್ನು ಕಂಡಿವೆ. ದಯವಿಟ್ಟು ಇದನ್ನು ಲಾರಿಗಳ ಪರವಾದ ವಾದವೆಂದು ಯಾರೂ ಬಳಸದಿರಲಿ: ನೈಟ್ರೋಜನ್ ಡೈಆಕ್ಸೈಡ್ ಸ್ವತಃ ಶ್ವಾಸಕೋಶಕ್ಕೆ ಕೆಟ್ಟದ್ದು, ಅದರಿಂದಾಗುವ ನೈಟ್ರಿಕ್ ಆಮ್ಲ ಅಮೋನಿಯದೊಂದಿಗೆ ಸೇರಿ ಸೂಕ್ಷ್ಮ ಕಣವೂ ಆಗುತ್ತದೆ. ಆವಿಗಳು, ನೈಟ್ರೋಜನ್ ಆಕ್ಸೈಡುಗಳು ಎರಡನ್ನೂ ಒಟ್ಟಿಗೆ, ಗಟ್ಟಿಯಾಗಿ ಇಳಿಸಬೇಕು.

ಅಳತೆಯಲ್ಲೂ ತಪ್ಪಾಗುತ್ತಿದೆ. ವಾಹನ ಕಿಕ್ಕಿರಿದ ವೃತ್ತದಲ್ಲಿ ಯಂತ್ರವಿಟ್ಟರೆ ಹೊಸ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದುಹಾಕುವುದರಿಂದ ಅಂಕಿ ತಗ್ಗಿರುತ್ತದೆ. ಅದೇ ಹೊತ್ತಿಗೆ ಗಾಳಿ ಬೀಸುವ ದಿಕ್ಕಿನ ಹೊರವಲಯದಲ್ಲಿ ಓಝೋನ್ ಹೆಚ್ಚಿರಬಹುದು. 24 ಗಂಟೆಯ ಸರಾಸರಿ ಮಧ್ಯಾಹ್ನದ ಏರಿಕೆಯನ್ನು ಮುಚ್ಚಿಹಾಕುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯೂ ನೋಡುವುದು 8 ಗಂಟೆಯ ಸರಾಸರಿಯನ್ನೇ: ಘನ ಮೀಟರಿಗೆ 100 ಮೈಕ್ರೋಗ್ರಾಂ.

ನಮ್ಮ ಕೋರಿಕೆ ಇಷ್ಟು. ಹೊರವಲಯದಲ್ಲೂ ಓಝೋನ್ ಮಾಪಕಗಳನ್ನಿಡಿ, ದಿನದ 8 ಗಂಟೆಯ ಗರಿಷ್ಠ ಸರಾಸರಿಯನ್ನು ಪ್ರಕಟಿಸಿ. ಪೆಟ್ರೋಲ್, ಪೇಂಟ್ ಆವಿಗಳಲ್ಲಿರುವ ಬೆಂಜೀನ್, ಟೊಲ್ಯೂಯೀನ್, ಕ್ಸೈಲೀನ್‌ಗಳನ್ನು ಗಂಟೆಗಂಟೆಗೂ ಅಳೆಯಿಸಿ. ಬಂಕ್‌ಗಳಲ್ಲಿ ಟ್ಯಾಂಕರ್ ಇಳಿಸುವಾಗಲೂ ವಾಹನಕ್ಕೆ ತುಂಬುವಾಗಲೂ ಆವಿಯನ್ನು ಹಿಂದಕ್ಕೆ ಹೀರುವ ವ್ಯವಸ್ಥೆ ಕಡ್ಡಾಯವಾಗಲಿ. ಅಳವಡಿಸಿದರಷ್ಟೇ ಸಾಲದು, ಹರಿದ ರಬ್ಬರ್ ಸೀಲು, ಬಿರುಕುಬಿಟ್ಟ ಹೋಸುಗಳ ತಪಾಸಣೆಯೂ ಕಾಲಕಾಲಕ್ಕೆ ನಡೆಯಲಿ.

ಇಂತಿ,
ವಾಯುಗುಣಮಟ್ಟ ಕ್ಷೇತ್ರದಲ್ಲಿ ಕೆಲಸ ಮಾಡುವವರು