ಒಟ್ಟಾವದ ದೋಸ್ತನಿಗೆ, ದಾವಣಗೆರೆಯ ಐಸ್ ಮೇಲಿಂದ

ಲೇ ದೋಸ್ತ,

ವಾಟ್ಸಾಪ್‌ನಲ್ಲಿ ಕಳಿಸಿದರೆ ಹೆಬ್ಬೆಟ್ಟು ತೋರಿಸಿ ಸುಮ್ನಾಗ್ತೀಯ. ಅದಕ್ಕೇ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ಹಸಿರು ಕೊಡೆಯ ವಿಷಯ ಎತ್ತಲ್ಲ, ಹೆದರಬೇಡ. ನಿಮ್ಮತ್ತೆಯೂ ಇಲ್ಲಿ ಓದ್ತಾರೆ.

ನಿನ್ನ ಮಗಳು ಕೆನಡಾದ ನಿಮ್ಮೂರ ಕಾಲುವೆಯ ಐಸ್ ಮೇಲೆ ಜಾರಿಕೊಂಡು ಬರುವ ವಿಡಿಯೋ ಕಳಿಸಿದ್ಯಲ್ಲ, ಅದು ಇಲ್ಲಿ ದೊಡ್ಡ ಗಲಾಟೆ ಎಬ್ಬಿಸಿದೆ. ಹೊರಗೆ ದಾವಣಗೆರೆಯ ಏಪ್ರಿಲ್ ಬಿಸಿಲು. ಮಧ್ಯಾಹ್ನ ಮಕ್ಕಳನ್ನು ಬೀದಿಗೆ ಬಿಡೋ ಹಾಗೇ ಇಲ್ಲ. ನನ್ನ ಮಗಳು, ಅಕ್ಕನ ಮಗ, ಮಹಡಿ ಮನೆಯ ಅವಳಿ ಹುಡುಗಿಯರು ಸೇರಿ ಅದನ್ನೇ ಮತ್ತೆ ಮತ್ತೆ ನೋಡಿದರು. ರಿಡೋ ಕಾಲುವೆಯಲ್ಲಿ 7.8 ಕಿಲೋಮೀಟರ್ ಉದ್ದಕ್ಕೂ ಸ್ಕೇಟ್ ಮಾಡಬಹುದು, ಇಲ್ಲಿಂದ ಹೆಚ್ಚುಕಡಿಮೆ ಬಾತಿಗೆ ಹೋದಷ್ಟು ದೂರ ಅಂದೆ. ‘ಭದ್ರಾ ನಾಲೆ ಯಾವಾಗ ಗಟ್ಟಿಯಾಗುತ್ತೆ ಮಾಮಾ?’ ಅಂತ ಅಕ್ಕನ ಮಗ ಕೇಳಿದ. 2022-23ರ ಚಳಿಗಾಲದಲ್ಲಿ ನಿಮ್ಮೂರಲ್ಲೇ ಐಸ್ ಸಾಕಷ್ಟು ಗಟ್ಟಿಯಾಗದೆ ಕಾಲುವೆ ಒಂದು ದಿನವೂ ತೆರೆಯಲಿಲ್ಲ, ಹಾಗಾಗಿದ್ದು ಅದೇ ಮೊದಲು ಅಂತ ಹೇಳಿದೆ. ನಮ್ಮ ದೇಶದಲ್ಲಿ ಎಲ್ಲೂ ಇಲ್ವಾ ಅಂದರು ಅವಳಿಗಳು. ಶಿಮ್ಲಾದಲ್ಲಿದೆ, 1920ರಿಂದಲೂ ಇದೆ, ರಾತ್ರಿ ನೆಲಕ್ಕೆ ನೀರು ಹಾಯಿಸಿ ಚಳಿಗೇ ಗಟ್ಟಿಯಾಗಲು ಬಿಡ್ತಾರೆ ಅಂದೆ. ಶಿಮ್ಲಾ ಅವರಿಗೆ ಒಟ್ಟಾವದಷ್ಟೇ ದೂರ. ‘ಹಾಗಾದ್ರೆ ನಾವೇ ಮಾಡ್ಕೊಳ್ಳೋಣ’ ಅಂದಳು ಮಗಳು.

ಮಾಡಿದೆವು. ಅಂಗಡಿಯ ಶರ್ಟುಗಳ ಒಳಗಿದ್ದ ರಟ್ಟು ಅಟ್ಟದ ಮೇಲೆ ಕಟ್ಟುಗಟ್ಟಲೆ ಇತ್ತು. ಅದರಲ್ಲಿ ಬೆರಳುದ್ದದ ಮನುಷ್ಯರನ್ನು ಬರೆದು ಕತ್ತರಿಸೋದು. ಪಾದದ ಕೆಳಗೆ ಒಂದು ಸಣ್ಣ ಪಟ್ಟಿ ಬಿಟ್ಟು, ಹಿಂದಕ್ಕೆ ಮಡಚಿ, ಅದಕ್ಕೆ ಜೆಮ್ ಕ್ಲಿಪ್ ಸಿಕ್ಕಿಸಬೇಕು. ಅದೇ ಸ್ಕೇಟು. ಪರೀಕ್ಷೆಗೆ ಒಯ್ಯುವ ಪ್ಲಾಸ್ಟಿಕ್ ಪ್ಯಾಡನ್ನು ಎರಡು ಕಡೆ ಪುಸ್ತಕ ಪೇರಿಸಿ ಮೇಲಿಟ್ಟರೆ ಐಸ್ ರೆಡಿ. ಕೆಳಗಿನಿಂದ ಮ್ಯಾಗ್ನೆಟ್ ಆಡಿಸಿದರೆ ಗೊಂಬೆ ಮೇಲೆ ಜಾರುತ್ತೆ. ಕೆಟ್ಟುಹೋದ ಸ್ಪೀಕರಿನ ಮ್ಯಾಗ್ನೆಟ್ ಇದಕ್ಕೆ ಬಲು ಚೆಂದ. ಓದುವವರಲ್ಲಿ ಯಾರಾದರೂ ಮಾಡೋದಾದರೆ ಒಂದು ಮಾತು: ಸ್ಟೀಲ್ ತಟ್ಟೆ ಬೇಡ. ಎಷ್ಟೋ ತಟ್ಟೆಗಳಿಗೆ ಮ್ಯಾಗ್ನೆಟ್ಟೇ ಕಚ್ಚಿಕೊಳ್ಳುತ್ತೆ, ಗೊಂಬೆ ಅಲ್ಲಾಡಲ್ಲ. ಪ್ಯಾಡಿನ ತಲೆಯಲ್ಲಿರುವ ಕಬ್ಬಿಣದ ಕ್ಲಿಪ್ಪಿನ ಹತ್ತಿರ ಹೋದರೂ ಹಂಗೇ ಆಗುತ್ತೆ. ಮಕ್ಕಳು ಅದಕ್ಕೆ ‘ಮೊಸಳೆ’ ಅಂತ ಹೆಸರಿಟ್ಟಿದ್ದಾರೆ.

ಬಟ್ಟೆ ವ್ಯಾಪಾರದವನ ಮನೆ ಅಂದ್ಮೇಲೆ ಗೊಂಬೆಗೆ ಬಟ್ಟೆ ಬೇಡ್ವಾ? ನಾರ್ವೆಯ ಸೋನ್ಯಾ ಹೆನಿ 1928, 1932, 1936ರ ಒಲಿಂಪಿಕ್ಸ್‌ಗಳಲ್ಲಿ ಸ್ಕೇಟಿಂಗ್ ಚಿನ್ನ ಗೆದ್ದು ಆಮೇಲೆ ಸಿನಿಮಾಕ್ಕೆ ಹೋದವಳು. ಅಮೆರಿಕದಲ್ಲಿ ಆಕೆಯ ಕಾಗದದ ಗೊಂಬೆಗಳೇ ಮಾರಾಟಕ್ಕಿದ್ದವು. ಕಾಗದದ ಫ್ರಾಕಿನ ಭುಜದ ಹತ್ತಿರ ಕಿವಿ ಬಿಟ್ಟು, ಗೊಂಬೆಯ ಹಿಂದಕ್ಕೆ ಮಡಚಿದರೆ ಉಡುಪು ನಿಲ್ಲುತ್ತೆ. ಆ ಕಿವಿ ಕತ್ತರಿಸುವಾಗ ನನ್ನ ಕೈಗೆ ಎಷ್ಟು ಹಿತ ಅನ್ನಿಸಿತು ಗೊತ್ತಾ? ಬಹಳ ದಿನದ ಮೇಲೆ ಒಂದು ಉಡುಪಿನ ಅಳತೆ ಯೋಚಿಸಿದ್ದೆ. ಅವಳಿಗಳು ಇಳಕಲ್ ಸೀರೆ ಉಟ್ಟ ಅಜ್ಜಿಯನ್ನೂ ಐಸ್ ಮೇಲೆ ಇಳಿಸಿದರು. ಸೆರಗಿನ ಕೆಂಪು ಅಂಚನ್ನು ಸ್ಕೆಚ್ ಪೆನ್ನಿನಲ್ಲಿ ಒಂದೊಂದೇ ಗೆರೆ ಎಳೆದು ತೆನೆ ಬರೆದಿದ್ದಾರೆ, ನೋಡಬೇಕು ನೀನು. ಅಕ್ಕನ ಮಗನ ಗೊಂಬೆ ಬರೀ ಲಾಗ ಹಾಕುತ್ತೆ. ಫ್ರಾನ್ಸಿನ ಸೂರ್ಯ ಬೊನಾಲಿ ಅನ್ನೋ ಸ್ಕೇಟರ್ ಹುಡುಗಿ 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ, ನಿಯಮದಲ್ಲಿ ಬೇಡ ಅಂದಿದ್ದರೂ, ಹಿಂದಕ್ಕೆ ಲಾಗ ಹಾಕಿ ಒಂದೇ ಕಾಲ ಮೇಲೆ ಇಳಿದ ಕತೆ ಹೇಳಿದ್ದೆ. ಆ ನಿಷೇಧ 2024ರಲ್ಲಿ ಹೋಯಿತು ಅಂದಾಗ ಅವನು ಎದ್ದು ಚಪ್ಪಾಳೆ ಹೊಡೆದ.

ಈಗ ನಿನಗೆ ಹೇಳಬೇಕಾದ್ದಕ್ಕೆ ಬರ್ತೀನಿ.

ಮ್ಯಾಗ್ನೆಟ್ ಜೋರಾಗಿ ಎಳೆದರೆ ಗೊಂಬೆ ಹಿಂದೆ ಉಳಿದು ಬಿದ್ದುಹೋಗುತ್ತೆ. ಉಳಿದ ಮಕ್ಕಳಿಗೆ ಅದೇ ಮಜಾ. ನನ್ನ ಮಗಳು ಮಾತ್ರ ನಡುವಿನಲ್ಲೇ ನಿಧಾನಕ್ಕೆ, ಉಸಿರು ಹಿಡಿದು ಆಡಿಸುತ್ತಿದ್ದಳು. ಒಂದು ಸಲ ಬಿತ್ತು. ಎಲ್ಲರೂ ಹೋ ಅಂದರು. ಅವಳು ಗೊಂಬೆಯನ್ನು ಎತ್ತಿ ನೋಟ್‌ಬುಕ್ಕಿನೊಳಗೆ ಇಟ್ಟುಬಿಟ್ಟಳು. ‘ಬಿದ್ರೆ ಔಟಾ ಅಪ್ಪಾ?’ ಅಂದಳು. ಇಲ್ಲಮ್ಮ, ನಿಜವಾದ ಸ್ಪರ್ಧೆಯಲ್ಲೂ ಒಂದು ಸಲ ಬಿದ್ದರೆ ಒಂದು ಅಂಕ ಕಳೀತಾರೆ, ಸಂಗೀತ ನಿಲ್ಲಲ್ಲ, ಎದ್ದು ಮುಂದುವರಿಸೋದೇ ಅಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಎಲ್ರೂ ನೋಡ್ತಿರ್ತಾರಲ್ಲ, ಆಮೇಲೆ ಹೆಂಗೆ ಆಡ್ತಾರೆ?’ ಅಂತ ಕೇಳಿದಳು.

ನನ್ನ ಬಾಯಿಂದ ಮಾತೇ ಬರಲಿಲ್ಲ ಕಣೋ.

ಅಂಗಡಿ ಮುಚ್ಚಿದ ಮೇಲೆ ನಾನು ಚೌಕಿಪೇಟೆಯ ಕಡೆ ಹೋಗಿಲ್ಲ. ಗಡಿಯಾರ ಕಂಬದ ಹತ್ತಿರ ಬಂದರೆ ಸ್ಕೂಟರ್ ತಾನಾಗೇ ಬೇರೆ ಬೀದಿಗೆ ಹೊರಳುತ್ತೆ. ಮಗಳು ಮುಂದೆ ನಿಂತಿರ್ತಾಳೆ. ಮೊದಲು ‘ಯಾಕಪ್ಪ ಈ ದಾರಿ?’ ಅಂತ ಕೇಳ್ತಿದ್ದಳು. ಈಗ ಕೇಳಲ್ಲ. ಹೊರಳುವ ಮೊದಲೇ ಹ್ಯಾಂಡಲ್ ಗಟ್ಟಿ ಹಿಡ್ಕೊಳ್ತಾಳೆ. ಬೇರೆಯವರ ಹತ್ತಿರ ಲೆಕ್ಕ ಬರೆಯೋದಕ್ಕೆ ನನಗೆ ಬೇಜಾರಿಲ್ಲ. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತೆ. ಆದರೆ ‘ಯಾಕೆ ಮುಚ್ಚಿದ್ರಿ?’ ಅಂತ ಕೇಳುವವರ ಮುಖ ನೋಡೋಕೆ ಭಯ. ದುರ್ಗಮ್ಮನ ಜಾತ್ರೆಗೂ ಹೋಗಲಿಲ್ಲ. ನೀನು ಊರಿಗೆ ಬಂದಿದ್ದಾಗ ಜ್ವರ ಅಂದೆನಲ್ಲ, ಜ್ವರ ಇರಲಿಲ್ಲ. ಇದೆಲ್ಲ ನನ್ನೊಳಗೇ ಇದೆ ಅಂದ್ಕೊಂಡಿದ್ದೆ. ಅವಳಿಗೂ ದಾಟಿದೆ.

ನಿನ್ನ ಮಗಳನ್ನು ಕೇಳಿ ಹೇಳು. ಅಷ್ಟು ಜನ ಸುತ್ತ ಇರುವಾಗ ಬಿದ್ದರೆ ಅವಳು ಮೊದಲು ಏನು ಮಾಡ್ತಾಳೆ? ಅಳ್ತಾಳಾ, ನಗ್ತಾಳಾ, ಯಾರನ್ನಾದರೂ ನೋಡ್ತಾಳಾ? ದೊಡ್ಡವರ ಉತ್ತರ ಬೇಡ, ಅವಳು ಹೇಳಿದ್ದನ್ನೇ ಬರಿ. ನಮ್ಮವಳಿಗೆ ಓದಿ ಹೇಳ್ತೀನಿ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಇರಲಿ ಬಿಡು. ನೀನು ಬರೋ ಹೊತ್ತಿಗೆ ಮಳೆ ಹಿಡಿದಿರುತ್ತೆ, ಮಂಡಕ್ಕಿ ಮಿರ್ಚಿಗೆ ಅದೇ ಸರಿಯಾದ ಕಾಲ. ಮೂರನೇ ಮಿರ್ಚಿ ಯಾರದು ಅನ್ನೋದು ಈ ಸಲವಾದರೂ ತೀರ್ಮಾನ ಆಗಲಿ. ಬೆಣ್ಣೆ ದೋಸೆಯ ದುಡ್ಡು ನಿನ್ನದೇ, ಅದರಲ್ಲಿ ಮಾತಿಲ್ಲ.

ಒಂದು ಅರ್ಜೆಂಟ್ ಕೆಲಸ. ನಿನ್ನ ಮಗಳ ಸ್ಕೇಟ್ ಬೂಟಿನ ಫೋಟೋ ಹತ್ತಿರದಿಂದ ತೆಗೆದು ಕಳಿಸು. ಸಂಗೀತಕ್ಕೆ ಕುಣಿಯುವವರ ಫಿಗರ್ ಸ್ಕೇಟಿಗೆ ಮುಂದೆ ಗರಗಸದ ಹಲ್ಲು ಇರುತ್ತೆ, ಐಸ್ ಹಾಕಿ ಆಟದವರ ಸ್ಕೇಟಿಗೆ ಇರಲ್ಲ. ಅವಳದು ಯಾವುದು ಅಂತ ವಿಡಿಯೋದಲ್ಲಿ ಕಾಣಿಸ್ತಿಲ್ಲ. ಇಲ್ಲಿ ಎರಡು ಪಾರ್ಟಿ ಆಗಿದೆ, ಜಗಳ ಜಾಸ್ತಿ ಆಗ್ತಿದೆ, ಅವಳ ಗೊಂಬೆ ಇನ್ನೂ ಬರಿಗಾಲಲ್ಲೇ ಇದೆ. ಬೇಗ ಕಳಿಸು.

ನಿನ್ನ ದೋಸ್ತ